ಹಕ್ಕಿಗಳ ಲೆಕ್ಕ ಇಟ್ಟ ಸಲೀಂ ಅಲಿ

ಮಕ್ಕಳೇ, ನಿಮ್ಮ ಕೊಟ್ಟಿಗೆಯ ಆಕಳಿಗೆ ಎಷ್ಟು ವಯಸ್ಸು, ಅದು ಎಷ್ಟನೇ ಕರು ಹಾಕಿದೆ ಎಂದು ಕೇಳಿದರೆ ಮನೆಯ ಅಜ್ಜಿ ಥಟ್ಟನೆ ಹೇಳುತ್ತಾರೆ. ಕಡಸು ಯಾವಾಗ ಗಬ್ಬವಾಗುತ್ತದೆ, ಅಡಿಕೆ ಸಸಿ ನೆಟ್ಟು ಎಷ್ಟು ವರ್ಷಕ್ಕೆ ಫಲ ಕೊಡುತ್ತದೆ ಎನ್ನುವುದೂ ಅವರಿಗೆ ಗೊತ್ತು. ಆದರೆ ಅಂಗಳಕ್ಕೆ ಬರುವ ಗುಬ್ಬಿಯ ವಯಸ್ಸು ಎಷ್ಟು? ಗದ್ದೆಯ ಅಂಚಿನಲ್ಲಿ ಗೂಡು ನೇಯುವ ಗೀಜಗ ಹುಟ್ಟಿ ಎಷ್ಟು ಕಾಲಕ್ಕೆ ಮರಿ ಮಾಡುತ್ತದೆ? ಪಂಜರದಲ್ಲಿಟ್ಟು ಮಾರುವ ಪುಟ್ಟ ಫಿಂಚ್ ಹಕ್ಕಿ ಎಷ್ಟು ವರ್ಷ ಬದುಕುತ್ತದೆ?

ಇಂಥ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಯಾರಾದರೂ ತಾಳ್ಮೆಯಿಂದ ಕುಳಿತು ಹಕ್ಕಿಗಳನ್ನು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ನಮ್ಮ ದೇಶದಲ್ಲಿ ಈ ಕೆಲಸವನ್ನು ಜೀವಮಾನವಿಡೀ ಮಾಡಿದವರು ಡಾ. ಸಲೀಂ ಅಲಿ. ಅವರ ಕಥೆ ಶುರುವಾಗುವುದು ಒಂದು ಏರ್‌ಗನ್ನಿನಿಂದ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ತುಂಬಿದ ಮನೆಯ ಕೊನೆಯ ಮಗು. ಒಂದು ವರ್ಷವಾಗುವಷ್ಟರಲ್ಲಿ ತಂದೆ, ಮೂರು ವರ್ಷವಾಗುವಷ್ಟರಲ್ಲಿ ತಾಯಿ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಅನಾಥ ಮಕ್ಕಳನ್ನೆಲ್ಲ ತಮ್ಮ ಮನೆಗೆ ಕರೆತಂದು ಸಾಕಿದರು. ಮಾವ ಒಳ್ಳೆಯ ಬೇಟೆಗಾರರು. ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ಗುಬ್ಬಿ ಹೊಡೆಯುವುದು ಅವನ ಆಟವಾಯಿತು.

ಆಗ ಸಲೀಂಗೆ ಸುಮಾರು ಹತ್ತು ವರ್ಷ. ಮನೆಯ ಕುದುರೆ ಲಾಯದ ಗೋಡೆಯ ತೂತಿನಲ್ಲಿ ಗುಬ್ಬಿಯ ಗೂಡೊಂದಿತ್ತು. ಹೆಣ್ಣು ಒಳಗೆ ಕಾವು ಕೂತಿದ್ದರೆ ಗಂಡು ಹೊರಗಿನ ಮೊಳೆಯ ಮೇಲೆ ಕುಳಿತು ಕಾಯುತ್ತಿತ್ತು. ನಿಂತಿದ್ದ ಗಾಡಿಯ ಮರೆಯಿಂದ ಹುಡುಗ ಆ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಂಡು ಗುಬ್ಬಿ ಅದೇ ಮೊಳೆಯ ಮೇಲೆ ಬಂದು ಕುಳಿತಿತು. ಅದನ್ನೂ ಹೊಡೆದ. ಮತ್ತೊಂದು ಬಂತು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡು ಗುಬ್ಬಿಗಳು ಸತ್ತವು. ಪ್ರತಿಸಲವೂ ಹೆಣ್ಣಿಗೆ ಹೊಸ ಜೊತೆಗಾರ ಸಿಕ್ಕಿದ್ದ.

ಓದಲು ಬೇಸರವಾಗುತ್ತದೆ, ಅಲ್ಲವೇ? ಆದರೆ ಈ ಹುಡುಗ ಉಳಿದವರಿಗಿಂತ ಭಿನ್ನವಾದ ಒಂದು ಕೆಲಸ ಮಾಡಿದ್ದ. ಎಷ್ಟು ದಿನ, ಎಷ್ಟು ಹಕ್ಕಿ, ಏನಾಯಿತು ಎನ್ನುವುದನ್ನು ಟಿಪ್ಪಣಿ ಮಾಡಿ ಇಟ್ಟಿದ್ದ. ಬಹಳ ವರ್ಷಗಳ ನಂತರ ಆ ಟಿಪ್ಪಣಿ ಅಚ್ಚಾಯಿತು. ಅದರಲ್ಲಿ ಒಂದು ವಿಜ್ಞಾನದ ಸಂಗತಿ ಅಡಗಿತ್ತು. ಗುಬ್ಬಿಗಳಿಗೆ ಗೂಡು ಕಟ್ಟಲು ಒಳ್ಳೆಯ ತೂತು, ಸಂದು ಸಿಗುವುದು ಕಷ್ಟ. ಜಾಗವಿಲ್ಲದೆ ಕಾಯುತ್ತಿರುವ ಗಂಡುಗಳು ಸುತ್ತಲೂ ಇರುತ್ತವೆ. ಒಂದು ಸತ್ತ ಕೂಡಲೇ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಹೆಣ್ಣೂ ಕಾಯುವುದಿಲ್ಲ. ಏಕೆಂದರೆ ಗುಬ್ಬಿಯ ಬಾಳಿನಲ್ಲಿ ಕಾಯುವಷ್ಟು ಸಮಯವೇ ಇರುವುದಿಲ್ಲ.

ಈ ಮಾತನ್ನು ಒಂದು ಲೆಕ್ಕದಿಂದ ಅರ್ಥ ಮಾಡಿಕೊಳ್ಳೋಣ. ಗೂಡಿನಿಂದ ಹಾರಿದ 100 ಗುಬ್ಬಿ ಮರಿಗಳಿವೆ ಎಂದು ಇಟ್ಟುಕೊಳ್ಳಿ. ಬೆಕ್ಕು, ಹಾವು, ಗಿಡುಗ, ಮಳೆ, ಹಸಿವು ಎಲ್ಲವನ್ನೂ ದಾಟಿ ಮೊದಲ ವರ್ಷದ ಕೊನೆಗೆ 25 ಉಳಿದವು ಎನ್ನೋಣ. ಬೆಳೆದ ಗುಬ್ಬಿಗಳಲ್ಲಿ ವರ್ಷಕ್ಕೆ ಸರಿಸುಮಾರು ಅರ್ಧದಷ್ಟು ಸಾಯುತ್ತವೆ. ಹಾಗಾದರೆ ಎರಡನೆಯ ವರ್ಷದ ಕೊನೆಗೆ 12, ಮೂರನೆಯ ವರ್ಷಕ್ಕೆ 6, ನಾಲ್ಕನೆಯ ವರ್ಷಕ್ಕೆ 3. ಹತ್ತನೆಯ ವರ್ಷಕ್ಕೆ? ನೀವೇ ಲೆಕ್ಕ ಮಾಡಿ ನೋಡಿ. ಆದ್ದರಿಂದಲೇ ಗುಬ್ಬಿ ಹುಟ್ಟಿದ ಮರುವರ್ಷವೇ ಮೊಟ್ಟೆ ಇಡಲು ಸಿದ್ಧವಾಗುತ್ತದೆ. ತಡಮಾಡಿದರೆ ಸಂತಾನವೇ ಇಲ್ಲದೆ ಹೋಗುವ ಅಪಾಯ.

ಹಾಗೆಂದು ಗುಬ್ಬಿಯ ದೇಹ ನಾಲ್ಕು ವರ್ಷಕ್ಕೇ ಸವೆದು ಹೋಗುತ್ತದೆ ಎಂದು ತಿಳಿಯಬೇಡಿ. ಯೂರೋಪಿನಲ್ಲಿ ಕಾಲಿಗೆ ಉಂಗುರ ಹಾಕಿ ಬಿಟ್ಟ ಒಂದು ಗುಬ್ಬಿ 19 ವರ್ಷಕ್ಕೂ ಹೆಚ್ಚು ಬದುಕಿದ ದಾಖಲೆಯಿದೆ. ಪಂಜರದಲ್ಲಿ 23 ವರ್ಷ ಬದುಕಿದ್ದೂ ಉಂಟು. ಒಂದು ಹಕ್ಕಿ ಗರಿಷ್ಠ ಎಷ್ಟು ಬದುಕಬಲ್ಲದು ಎನ್ನುವುದು ಒಂದು ಪ್ರಶ್ನೆ, ಸಾಮಾನ್ಯವಾಗಿ ಎಷ್ಟು ಬದುಕುತ್ತದೆ ಎನ್ನುವುದು ಇನ್ನೊಂದು ಪ್ರಶ್ನೆ. ಇವೆರಡನ್ನೂ ಬೆರೆಸಬಾರದು. ದೊಡ್ಡವರೂ ಇಲ್ಲಿ ಎಡವುತ್ತಾರೆ.

ಈಗ ಕಥೆಗೆ ಮರಳೋಣ. 1908ರಲ್ಲಿ ಸಲೀಂ ಹೊಡೆದ ಒಂದು ಗುಬ್ಬಿಯ ಕತ್ತಿನ ಮೇಲೆ ಹಳದಿ ಮಚ್ಚೆಯಿತ್ತು. ಅಂಥ ಗುಬ್ಬಿಯನ್ನು ಅವನು ಕಂಡಿರಲಿಲ್ಲ. ತಿನ್ನಬಹುದೋ ಇಲ್ಲವೋ ಎಂಬ ಅನುಮಾನ ಬಂದು ಮಾವನಿಗೆ ತೋರಿಸಿದ. ಮಾವನಿಗೂ ಅದರ ಗುರುತು ಸಿಗಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. ಸೊಸೈಟಿಯ ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲಾರ್ಡ್ ಅವರಿಗೆ ಒಂದು ಚೀಟಿ ಬರೆದುಕೊಟ್ಟು ಹುಡುಗನನ್ನು ಕಳಿಸಿದರು. ಸತ್ತ ಹಕ್ಕಿಯನ್ನು ಕಾಗದದಲ್ಲಿ ಸುತ್ತಿಕೊಂಡು, ಅಂಜುತ್ತಲೇ ಸಲೀಂ ಆ ಕಚೇರಿಯ ಒಳಗೆ ಹೋದ.

ಮಿಲಾರ್ಡ್ ಗದರಿಸಲಿಲ್ಲ. ಅದು ಹಳದಿ ಕತ್ತಿನ ಗುಬ್ಬಿ ಎಂದು ಹೇಳಿ, ಕಪಾಟಿನ ಖಾನೆಗಳನ್ನು ಒಂದೊಂದಾಗಿ ಎಳೆದು ಅಲ್ಲಿ ಜೋಡಿಸಿಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಸತ್ತ ಹಕ್ಕಿಯ ಚರ್ಮ ಬಿಡಿಸಿ ಹತ್ತಿ ತುಂಬಿ ಕೆಡದಂತೆ ಇಡುವುದನ್ನು ಕಲಿಸುವ ಏರ್ಪಾಡು ಮಾಡಿದರು. ಗುಬ್ಬಿ ಎಂದರೆ ಒಂದೇ ಎಂದುಕೊಂಡಿದ್ದ ಹುಡುಗನಿಗೆ ಹಕ್ಕಿಗಳ ಜಗತ್ತು ಎಷ್ಟು ದೊಡ್ಡದು ಎಂದು ಅಂದು ತಿಳಿಯಿತು.

ನಮ್ಮ ಜಿಲ್ಲೆಗೂ ಈ ಸೊಸೈಟಿಗೂ ನಂಟಿದೆ. 1883ರಲ್ಲಿ ಅದನ್ನು ಶುರು ಮಾಡಿದ ಎಂಟು ಜನರಲ್ಲಿ ಒಬ್ಬರಾದ ಇ. ಎಚ್. ಐಟ್ಕನ್ ಮುಂದೆ ಉಪ್ಪು ಮತ್ತು ಸುಂಕದ ಇಲಾಖೆಯ ಅಧಿಕಾರಿಯಾಗಿ ಕಾರವಾರದಲ್ಲಿದ್ದರು. ಅವರ ಗೆಳೆಯ, ಅರಣ್ಯ ಅಧಿಕಾರಿ ಟಿ. ಆರ್. ಬೆಲ್ ನಮ್ಮ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದು, ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡರು.

ಸಲೀಂ ಅಲಿಯವರ ಓದು ಸರಾಗವಾಗಿ ಸಾಗಲಿಲ್ಲ. ಪದೇ ಪದೇ ತಲೆನೋವು. ಮೆಟ್ರಿಕ್ ಆದ ಮೇಲೆ ಕಾಲೇಜು ಬಿಟ್ಟು 1914ರಲ್ಲಿ ಅಣ್ಣನ ವ್ಯಾಪಾರಕ್ಕೆ ನೆರವಾಗಲು ಬರ್ಮಾಕ್ಕೆ ಹೋದರು. ಅಲ್ಲಿನ ಕಾಡಿನಲ್ಲಿ ವ್ಯಾಪಾರಕ್ಕಿಂತ ಹಕ್ಕಿ ನೋಡಿದ್ದೇ ಹೆಚ್ಚು. 1917ರಲ್ಲಿ ಮುಂಬಯಿಗೆ ಮರಳಿ ಪ್ರಾಣಿಶಾಸ್ತ್ರ ಕಲಿತರು. 1918ರಲ್ಲಿ ತೆಹಮೀನಾ ಅವರನ್ನು ಮದುವೆಯಾದರು. ವಿಶ್ವವಿದ್ಯಾಲಯದ ದೊಡ್ಡ ಪದವಿ ಇಲ್ಲದ್ದರಿಂದ ಬೇಕಾದ ಸರ್ಕಾರಿ ಕೆಲಸ ಸಿಗಲಿಲ್ಲ. 1926ರಲ್ಲಿ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಿಸುವ ಕೆಲಸಕ್ಕೆ ಸೇರಿದರು. ಅದನ್ನು ಬಿಟ್ಟು ಜರ್ಮನಿಯ ಬರ್ಲಿನ್‌ಗೆ ಹೋಗಿ ಪಕ್ಷಿಶಾಸ್ತ್ರಜ್ಞ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಕಲಿತರು. ಉಂಗುರ ಹಾಕಿ ಹಕ್ಕಿಗಳನ್ನು ಗುರುತಿಸುವ ಕೆಲಸವನ್ನು ಹತ್ತಿರದಿಂದ ನೋಡಿದ್ದೂ ಜರ್ಮನಿಯಲ್ಲೇ.

1930ರಲ್ಲಿ ಊರಿಗೆ ಬಂದಾಗ ಹಣವಿಲ್ಲದ ಕಾರಣ ಆ ಕೆಲಸವನ್ನೇ ರದ್ದು ಮಾಡಿದ್ದರು. ಕೈಯಲ್ಲಿ ಕೆಲಸವಿಲ್ಲ. ದಂಪತಿಗಳು ಮುಂಬಯಿಯ ಎದುರು ದಡದಲ್ಲಿರುವ ಕಿಹಿಂ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಆ ಮಳೆಗಾಲ ಮನೆಯ ಹತ್ತಿರದ ಮರವೊಂದರಲ್ಲಿ ಗೀಜಗಗಳು ಗೂಡು ಕಟ್ಟಲು ಬಂದವು. ಬೇರೆಯವರಾಗಿದ್ದರೆ ಕೆಲಸ ಹುಡುಕಿಕೊಂಡು ಹೊರಡುತ್ತಿದ್ದರೇನೋ. ಸಲೀಂ ಅಲಿ ಮರೆ ಕಟ್ಟಿಕೊಂಡು ಆ ಮರದ ಎದುರು ಕುಳಿತರು.

ಗೀಜಗನ ಗೂಡನ್ನು ನೀವು ನೋಡಿದ್ದೀರಿ. ಬನವಾಸಿ ಕಡೆಯ ಬಯಲು ಗದ್ದೆಗಳ ಬದಿಯಲ್ಲಿ, ಮುಳ್ಳಿನ ಮರದಲ್ಲೋ ತಾಳೆ ಜಾತಿಯ ಮರದಲ್ಲೋ, ನೀರಿನ ಮೇಲೆ ಜೋತು ಬಿದ್ದ ಟೊಂಗೆಯಲ್ಲೋ ಬಾಟಲಿಯನ್ನು ತಲೆಕೆಳಗಾಗಿ ತೂಗುಹಾಕಿದಂತೆ ಕಾಣುತ್ತದೆ. ಕೆಲವು ಗೂಡುಗಳು ಅರ್ಧಕ್ಕೇ ನಿಂತು ಟೊಪ್ಪಿಗೆಯಂತೆ ಇರುತ್ತವೆ. ಅವು ಗಂಡು ಹಕ್ಕಿ ಸುಮ್ಮನೆ ಕೂರಲು ಕಟ್ಟಿಕೊಂಡ ಗೂಡುಗಳು ಎಂದು ಹಿಂದೆ ತಿಳಿದಿದ್ದರು. ಗಂಡು ಹೆಣ್ಣು ಜೊತೆಯಾಗಿ ಸಂಸಾರ ಮಾಡುತ್ತವೆ ಎಂದೂ ನಂಬಿದ್ದರು.

ಸಲೀಂ ಅಲಿ ದಿನದಿನವೂ ನೋಡಿ ಬರೆದಾಗ ಬೇರೆಯದೇ ಸಂಗತಿ ಹೊರಬಂತು. ನೇಯುವುದು ಗಂಡು ಮಾತ್ರ. ಭತ್ತದ ಎಲೆ, ಉದ್ದ ಹುಲ್ಲು, ತೆಂಗಿನ ಜಾತಿಯ ಗರಿಗಳಿಂದ ಸೀಳಿದ ಎಳೆಗಳನ್ನು ನೂರಾರು ಸಲ ತಂದು ಹೆಣೆಯುತ್ತದೆ. ಟೊಪ್ಪಿಗೆಯ ಹಂತಕ್ಕೆ ಬರಲು ಸುಮಾರು ಎಂಟು ದಿನ ಬೇಕು. ಆಗ ಹೆಣ್ಣುಗಳ ಗುಂಪು ತಪಾಸಣೆಗೆ ಬರುತ್ತದೆ. ಗಂಡು ರೆಕ್ಕೆ ಬಡಿದು ಕೂಗಿ ಕರೆಯುತ್ತದೆ. ಒಂದು ಹೆಣ್ಣು ಒಳಹೊಕ್ಕು ನೋಡಿ ಒಪ್ಪಿದರೆ ಗಂಡು ಉಳಿದ ಭಾಗವನ್ನೂ ಕೊಳವೆಯನ್ನೂ ಕಟ್ಟಿ ಮುಗಿಸುತ್ತದೆ. ಒಪ್ಪದಿದ್ದರೆ ಗೂಡು ಅಲ್ಲಿಗೇ ನಿಲ್ಲುತ್ತದೆ. ನಾವು ನೋಡುವ ಅರ್ಧ ಗೂಡುಗಳಲ್ಲಿ ಹೆಚ್ಚಿನವು ಹೀಗೆ ಪರೀಕ್ಷೆಯಲ್ಲಿ ಫೇಲಾದವು! ಹೆಣ್ಣು ಮೊಟ್ಟೆಯಿಟ್ಟು ಕಾವು ಕೂತ ಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಒಂದೇ ಮಳೆಗಾಲದಲ್ಲಿ ಒಂದು ಗಂಡಿಗೆ ಒಂದಕ್ಕಿಂತ ಹೆಚ್ಚು ಸಂಸಾರ. 1931ರಲ್ಲಿ ಪ್ರಕಟವಾದ ಈ ಲೇಖನ ಅವರಿಗೆ ಹೆಸರು ತಂದಿತು. ನನ್ನ ಅಭಿಪ್ರಾಯದಲ್ಲಿ ಅವರ ಎಲ್ಲ ಕೆಲಸಗಳಲ್ಲಿ ಮಕ್ಕಳು ಮೊದಲು ತಿಳಿಯಬೇಕಾದ್ದು ಇದು. ಇದಕ್ಕೆ ಪ್ರಯೋಗಾಲಯ ಬೇಕಾಗಿರಲಿಲ್ಲ. ಒಂದು ಮರ, ಒಂದು ಪುಸ್ತಕ, ಒಂದು ಪೆನ್ಸಿಲ್ ಸಾಕಾಗಿತ್ತು.

ಗೀಜಗಗಳು ಮಳೆಯ ಲೆಕ್ಕದಲ್ಲಿ ಬದುಕುವ ಹಕ್ಕಿಗಳು. ಮಳೆ ಬಿದ್ದು ಹುಲ್ಲು ಬೆಳೆದ ಮೇಲೆಯೇ ಗೂಡು, ಹುಳುಹುಪ್ಪಟೆ ಹೆಚ್ಚಿದಾಗಲೇ ಮರಿ. ಮಳೆಗಾಲ ಮುಗಿದರೆ ಗಂಡಿನ ಹಳದಿ ಬಣ್ಣವೂ ಮಾಸಿ ಹೆಣ್ಣಿನಂತೆಯೇ ಕಂದಾಗುತ್ತದೆ. ಹೆಣ್ಣು ಹುಟ್ಟಿದ ಮರುವರ್ಷ ಮೊಟ್ಟೆಯಿಡಬಲ್ಲದು. ಗಂಡು ಬಲಿಯಲು ಇನ್ನೂ ಸ್ವಲ್ಪ ತಡ. ಗೂಡು ನೇಯುವುದನ್ನೂ ಅದು ಅಭ್ಯಾಸ ಮಾಡಬೇಕಲ್ಲ!

ಈಗ ಪಂಜರದ ಫಿಂಚ್‌ಗಳ ಕಡೆಗೆ ನೋಡೋಣ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಕೆಂಪು ಕೊಕ್ಕಿನ, ಎದೆಯ ಮೇಲೆ ಗೆರೆಯಿರುವ ಪುಟ್ಟ ಹಕ್ಕಿ ಜೀಬ್ರಾ ಫಿಂಚ್. ಅದರ ಮೂಲ ಆಸ್ಟ್ರೇಲಿಯಾದ ಒಣ ಬಯಲು. ಅಲ್ಲಿ ಮಳೆ ಯಾವಾಗ ಬರುತ್ತದೋ ಹೇಳಲಾಗದು. ಬಂದಾಗ ಸಿದ್ಧವಾಗಿರಬೇಕು. ಆದ್ದರಿಂದ ಅದು ಹುಟ್ಟಿದ ಮೂರೇ ತಿಂಗಳಿಗೆ ಮರಿ ಮಾಡುವ ವಯಸ್ಸಿಗೆ ಬರುತ್ತದೆ. ಎರಡು ವಾರ ಕಾವು, ಮೂರು ವಾರಕ್ಕೆ ಮರಿ ಗೂಡಿನಿಂದ ಹೊರಗೆ. ಪಂಜರದಲ್ಲಿ ಚೆನ್ನಾಗಿ ನೋಡಿಕೊಂಡರೆ ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬದುಕುತ್ತದೆ. ಕೆಲವು ಹತ್ತು ವರ್ಷ ದಾಟುವುದೂ ಉಂಟು.

ಮೂರು ತಿಂಗಳಿಗೆ ಮೊಟ್ಟೆ ಇಡಬಲ್ಲದು ಎಂದ ಮಾತ್ರಕ್ಕೆ ಇಡಿಸಬೇಕೆಂದಿಲ್ಲ. ಅನುಭವವಿರುವ ಸಾಕಣೆದಾರರು ಹೆಣ್ಣಿಗೆ ಕನಿಷ್ಠ ಆರು ತಿಂಗಳಾಗುವವರೆಗೆ ಗೂಡಿನ ಡಬ್ಬಿ ಕೊಡುವುದಿಲ್ಲ. ಎಳೆಯ ಹೆಣ್ಣಿನ ದೇಹದಲ್ಲಿ ಸುಣ್ಣದ ಅಂಶ ಸಾಲದಿದ್ದರೆ ಮೊಟ್ಟೆ ಹೊರಬರದೆ ಒಳಗೇ ಸಿಕ್ಕಿಕೊಂಡು ಹಕ್ಕಿ ಸಾಯಬಹುದು. ಇನ್ನೊಂದು ತೊಂದರೆಯಿದೆ. ಹೊರಗೆ ಮಳೆ ನಿಂತರೆ ಮರಿ ಮಾಡುವುದೂ ನಿಲ್ಲುತ್ತದೆ. ಪಂಜರದಲ್ಲಿ ವರ್ಷವಿಡೀ ಕಾಳು, ನೀರು, ಗೂಡು. ಹಕ್ಕಿಗೆ ಸದಾ ಮಳೆಗಾಲವೇ. ಒಂದರ ಹಿಂದೊಂದು ಮೊಟ್ಟೆಯಿಟ್ಟು ಹೆಣ್ಣು ಬೇಗ ಸೊರಗುತ್ತದೆ. ಬೆಕ್ಕಿನಿಂದ ಕಾಪಾಡುವ ಪಂಜರವೇ ಹೀಗೂ ಆಯಸ್ಸು ಕಡಿಮೆ ಮಾಡಬಲ್ಲದು.

ಜೀಬ್ರಾ ಫಿಂಚ್‌ನ ಬಳಗದ ಹಕ್ಕಿಗಳು ನಮ್ಮಲ್ಲೂ ಇವೆ. ಅವೇ ಮುನಿಯಗಳು. ರಾಟವಾಳ ಎಂದೂ ಕರೆಯುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಅಂಚಿನಲ್ಲಿ ಗುಂಪಾಗಿ ಹುಲ್ಲಿನ ಬೀಜ ತಿನ್ನುವ, ಕಪ್ಪು ಕಂದು ಮೈಯ, ಬೆನ್ನಿನ ಕೆಳಗೆ ಬಿಳಿ ಪಟ್ಟಿಯಿರುವ ಮುನಿಯವನ್ನು ಗಮನಿಸಿ. ಇದೇ ಜಾತಿಯ ಹಕ್ಕಿಗಳನ್ನು ಸುಮಾರು 250 ವರ್ಷಗಳ ಹಿಂದೆ ಚೀನಾದಿಂದ ಜಪಾನಿಗೆ ಒಯ್ದು ಸಾಕಿ ಸಾಕಿ ಬೆಂಗಾಲೀಸ್ ಫಿಂಚ್ ಎಂಬ ಸಾಕುತಳಿ ಮಾಡಿದರು. ಅದು ಈಗ ಜಗತ್ತಿನ ಅನೇಕ ಮನೆಗಳ ಪಂಜರದಲ್ಲಿದೆ. ಹೆಸರು ಬಂಗಾಳದ್ದು, ತಳಿ ಜಪಾನಿನದು, ನೆಂಟರು ನಮ್ಮ ಬೇಲಿಯ ಮೇಲೆ! ಆದರೆ ನಮ್ಮ ಮುನಿಯ, ಗೀಜಗಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎನ್ನುವುದು ನೆನಪಿರಲಿ.

ಸಲೀಂ ಅಲಿಯವರು ನಂತರದ ವರ್ಷಗಳಲ್ಲಿ ಸಂಸ್ಥಾನಗಳ ಹಕ್ಕಿ ಸಮೀಕ್ಷೆಗೆ ಹೊರಟರು. ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ ಎಂದು ಒಪ್ಪಿಕೊಂಡರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಕಾಡುಮೇಡು ಅಲೆದರು. ಡೇರೆಯ ಬದುಕಿನಲ್ಲಿ ತೆಹಮೀನಾ ಜೊತೆಗಿರುತ್ತಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಅಕ್ಕ ಭಾವನ ಮನೆಯಲ್ಲಿ ಉಳಿದರು. ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು 1939-40ರಲ್ಲಿ, ಈ ದುಃಖದ ಹಿಂದೆಯೇ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಅದನ್ನು ರಕ್ಷಿಸುವಂತೆ ಮೈಸೂರಿನ ಅರಸರ ಮನ ಒಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಸೋಂದಾದ ಮುಂಡಿಗೆಕೆರೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳ ಗೂಡು ನೋಡಿದವರಿಗೆ ರಂಗನತಿಟ್ಟಿನ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ.

ಒಂದು ಮಾತನ್ನು ಮುಚ್ಚಿಡಬಾರದು. ಸಮೀಕ್ಷೆಗಳಲ್ಲಿ ಅವರು ಮಾದರಿಗಾಗಿ ಹಕ್ಕಿಗಳನ್ನು ಹೊಡೆದು ಸಂಗ್ರಹಿಸುತ್ತಿದ್ದರು. ಯಾವ ಜಾತಿ ಎಲ್ಲಿದೆ ಎಂದು ಖಚಿತವಾಗಿ ಹೇಳಲು ಆ ಕಾಲದಲ್ಲಿ ಎಲ್ಲ ವಿಜ್ಞಾನಿಗಳೂ ಮಾಡುತ್ತಿದ್ದ ಕೆಲಸ ಅದು. ಆದರೆ ಸತ್ತ ಹಕ್ಕಿ ತನ್ನ ಆಯಸ್ಸನ್ನು ಹೇಳುವುದಿಲ್ಲ. ಅದಕ್ಕೆ ಬದುಕಿರುವ ಹಕ್ಕಿಯನ್ನೇ ಗುರುತಿಸಿ ಬಿಡಬೇಕು.

ಆ ಅವಕಾಶ ಬಂದದ್ದು ನಮ್ಮ ನೆರೆಯ ಕಾಡಿನಿಂದ. ಸಿದ್ದಾಪುರಕ್ಕೆ ಹೊಂದಿಕೊಂಡಿರುವ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದವು, ಜನರಿಗೂ ಜ್ವರ ಬಂತು. ಅದೇ ನೀವು ಕೇಳಿರುವ ಮಂಗನ ಕಾಯಿಲೆ. 2024ರಲ್ಲೂ ಸಿದ್ದಾಪುರ ತಾಲೂಕಿನಲ್ಲಿ ಅದು ಜನರನ್ನು ಕಾಡಿತು. ಈ ರೋಗದ ವೈರಸ್ ರಷ್ಯಾದ ಉಣ್ಣೆಗಳು ಹರಡುವ ಒಂದು ರೋಗದ ವೈರಸ್ಸಿಗೆ ಹತ್ತಿರದ್ದಾಗಿತ್ತು. ಚಳಿಗಾಲಕ್ಕೆ ಸೈಬೀರಿಯಾದಿಂದ ಬರುವ ಹಕ್ಕಿಗಳು ಮೈಮೇಲೆ ಉಣ್ಣೆ ಹೊತ್ತು ತಂದವೇ? ಇದನ್ನು ಪತ್ತೆ ಮಾಡಲು ವಿಶ್ವ ಆರೋಗ್ಯ ಸಂಸ್ಥೆ ನೆರವು ನೀಡಿತು. 1959ರಿಂದ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಸೊಸೈಟಿಯವರು ಸಾವಿರಾರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಉಣ್ಣೆ ಹುಡುಕಿ, ಕಾಲಿಗೆ ಅಲ್ಯೂಮಿನಿಯಂ ಉಂಗುರ ಹಾಕಿ ಬಿಟ್ಟರು. ರೋಗ ಹಕ್ಕಿಗಳಿಂದ ಬಂತು ಎನ್ನಲು ಪುರಾವೆ ಸಿಗಲಿಲ್ಲ. ವೈರಸ್ ಇಲ್ಲಿಯ ಕಾಡಿನ ಉಣ್ಣೆಗಳಲ್ಲೂ ಸಣ್ಣ ಪ್ರಾಣಿಗಳಲ್ಲೂ ಬೇರೂರಿತ್ತು. ಆದರೆ ಉಂಗುರಗಳಿಂದ ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎನ್ನುವ ಹೊಸ ಜ್ಞಾನ ಸಿಕ್ಕಿತು.

ಉಂಗುರದಿಂದ ಆಯಸ್ಸು ಹೇಗೆ ತಿಳಿಯುತ್ತದೆ? ಪ್ರತಿ ಉಂಗುರಕ್ಕೂ ಬೇರೆ ಸಂಖ್ಯೆ. ಹಾಕಿದ ದಿನ ದಾಖಲೆಯಲ್ಲಿರುತ್ತದೆ. ಅದೇ ಹಕ್ಕಿ ಮತ್ತೆ ಸಿಕ್ಕಾಗ ಒಂದು ಕಳೆಯುವ ಲೆಕ್ಕ ಮಾಡಿದರೆ ಆಯಿತು. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಒಂದು ಹೆಣ್ಣು ಆಲ್ಬಟ್ರಾಸ್ ಹಕ್ಕಿಗೆ ಉಂಗುರ ಹಾಕಿದ್ದರು. ಆಗಲೇ ಅದಕ್ಕೆ ಐದು ವರ್ಷವಾದರೂ ಆಗಿತ್ತು. ಅದು 2024ರ ಕೊನೆಯಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಮೊಟ್ಟೆಯಿಟ್ಟಿತು! ಮೂರು ತಿಂಗಳಿಗೆ ಸಿದ್ಧವಾಗುವ ಫಿಂಚ್ ಎಲ್ಲಿ, ಐದು ವರ್ಷ ಕಳೆದ ಮೇಲೆ ಮೊದಲ ಮೊಟ್ಟೆಯಿಟ್ಟು ವರ್ಷಕ್ಕೆ ಒಂದೇ ಇಡುವ ಆಲ್ಬಟ್ರಾಸ್ ಎಲ್ಲಿ! ಬಹುಕಾಲ ಬಾಳುವ ಹಕ್ಕಿಗೆ ಆತುರವಿಲ್ಲ.

ಸಲೀಂ ಅಲಿಯವರೂ ದೀರ್ಘಾಯುಷಿಗಳೇ. 1941ರಲ್ಲಿ ಅವರ ಭಾರತೀಯ ಪಕ್ಷಿಗಳ ಪುಸ್ತಕ ಬಂತು. 1968ರಿಂದ 1974ರವರೆಗೆ ಅಮೆರಿಕದ ಡಿಲ್ಲನ್ ರಿಪ್ಲಿ ಅವರೊಂದಿಗೆ ಬರೆದ ಹತ್ತು ಸಂಪುಟಗಳ ಕೈಪಿಡಿ ಹೊರಬಂತು. ಅದು ಪೂರ್ಣವಾದಾಗ ಅವರಿಗೆ ಎಪ್ಪತ್ತೇಳು ದಾಟಿತ್ತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂದವು. ದೊಡ್ಡ ಅಂತರರಾಷ್ಟ್ರೀಯ ಬಹುಮಾನವೊಂದರ ಹಣವನ್ನು ಸೊಸೈಟಿಯ ಸಂರಕ್ಷಣಾ ನಿಧಿಗೆ ಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಪ್ರಕಟವಾದ ಆತ್ಮಕಥೆಗೆ ಅವರು ಕೊಟ್ಟ ಹೆಸರು 1908ರ ಆ ಗುಬ್ಬಿಯನ್ನೇ ನೆನಪಿಸುವಂಥದು. 1987ರ ಜೂನ್ 20ರಂದು ಮುಂಬಯಿಯಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಮಳೆಗಾಲದಲ್ಲಿ ನಿಮ್ಮ ಊರಿನಲ್ಲಿ ಗೀಜಗನ ಮರವಿದ್ದರೆ ವಾರಕ್ಕೊಮ್ಮೆ ದೂರದಿಂದಲೇ ನೋಡಿ. ಟೊಪ್ಪಿಗೆಯ ಹಂತದ ಗೂಡು ಎಷ್ಟು, ಕೊಳವೆ ಬಂದ ಗೂಡು ಎಷ್ಟು, ಮುಂದಿನ ವಾರ ಎಷ್ಟು ಬದಲಾದವು ಎಂದು ದಿನಾಂಕ ಹಾಕಿ ಬರೆಯಿರಿ. ಗೂಡು ಮುಟ್ಟಬೇಡಿ. ಕಾಲಿನಲ್ಲಿ ಉಂಗುರವಿರುವ ಸತ್ತ ಹಕ್ಕಿ ಎಲ್ಲಾದರೂ ಕಂಡರೆ ಅದನ್ನೂ ಕೈಯಿಂದ ಮುಟ್ಟಬಾರದು, ರೋಗವಿರಬಹುದು. ನಿಮ್ಮ ಶಿಕ್ಷಕರಿಗೋ ಅರಣ್ಯ ಇಲಾಖೆಯವರಿಗೋ ತಿಳಿಸಿ. ಉಂಗುರದ ಸಂಖ್ಯೆ, ಸಿಕ್ಕ ದಿನ, ಊರಿನ ಹೆಸರು ಈ ಮೂರನ್ನು ಬರೆದು ಉಂಗುರದ ಮೇಲಿರುವ ವಿಳಾಸಕ್ಕೆ ಅವರು ಕಳಿಸುತ್ತಾರೆ.